ದೆವ್ವ ಕಂಡು ನಕ್ಕವರು: ಭಯ–ಹಾಸ್ಯ ಚಿತ್ರಗಳೂ ವಿಮರ್ಶಕರೂ



ಕಾವೇರಿ ನದಿಯ ದಡದಲ್ಲಿರುವ ರಾಮನಾಥಪುರ, ಸುಬ್ರಹ್ಮಣ್ಯ ಸ್ವಾಮಿಯ ಷಷ್ಠಿ ಜಾತ್ರೆಗೆ ಹೆಸರಾದ ಊರು. ಹಳೆಯ ಮೈಸೂರು ಸೀಮೆಯ ಜಾತ್ರೆಗಳಲ್ಲಿ ತೇರಿನ ಮುಂದೆ ಸೇರುವಂತೆಯೇ ಆಟದ ಡೇರೆಗಳ ಮುಂದೆಯೂ ಜನ ಸೇರುತ್ತಿದ್ದರು. ತಲೆಯಿಲ್ಲದ ಹುಡುಗಿ, ಹಾವಿನ ಮೈಯ ಹೆಂಗಸು, ಕನ್ನಡಿಯ ಮಾಯೆ – ಕಾಸು ಕೊಟ್ಟು ಒಳಗೆ ಹೋದವರು ಮೊದಲು ಕಿರುಚುತ್ತಿದ್ದರು; ಹೊರಗೆ ಬರುವಾಗ ಒಬ್ಬರ ಹೆಗಲನ್ನು ಒಬ್ಬರು ತಟ್ಟಿ ನಗುತ್ತಿದ್ದರು. ಕಾಸು ಕೊಟ್ಟು ಹೆದರುವುದು, ಹೆದರಿದ ಮೇಲೆ ನಗುವುದು ಮನುಷ್ಯನಿಗೆ ಬಹಳ ಹಳೆಯ ಚಟ. ಸಿನಿಮಾ ಬಂದಾಗ ಈ ಚಟ ಡೇರೆಯಿಂದ ಚಿತ್ರಮಂದಿರಕ್ಕೆ ಹೋಯಿತು. ಡೇರೆಯ ಆಟಕ್ಕೆ ಇಲ್ಲದಿದ್ದ ಒಬ್ಬ ತೀರ್ಪುಗಾರ ಅಲ್ಲಿ ಅದಕ್ಕೆ ಎದುರಾದ. ಅವನೇ ಪತ್ರಿಕೆಯ ವಿಮರ್ಶಕ.

ದೆವ್ವ, ರಕ್ತ, ನಗೆ ಈ ಮೂರನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದ ಚಿತ್ರಗಳನ್ನು ವಿಮರ್ಶಕರು ಹೇಗೆ ಬರಮಾಡಿಕೊಂಡರು, ಅವರ ತೀರ್ಪು ಕಾಲ ಕಳೆದಂತೆ ಹೇಗೆ ಬದಲಾಯಿತು ಎಂಬುದು ಈ ಲೇಖನದ ವಿಷಯ. ಇದು ಬರಿಯ ಮನರಂಜನೆಯ ಚರಿತ್ರೆಯೆಂದು ತಿಳಿಯಬೇಡಿ. ದೆವ್ವದ ಹೆಸರಿನಲ್ಲಿ ಇಂದಿಗೂ ಹಳ್ಳಿ–ಪಟ್ಟಣಗಳಲ್ಲಿ ಜೀವಂತ ಮನುಷ್ಯರು, ಅದರಲ್ಲೂ ಹೆಂಗಸರು, ಪೆಟ್ಟು ತಿನ್ನುವುದುಂಟು. ಆದ್ದರಿಂದ ದೆವ್ವದ ಕಥೆಯಲ್ಲಿ ನಾವು ಯಾರನ್ನು ನೋಡಿ ನಗುತ್ತೇವೆ ಎಂಬುದು ಯೋಚಿಸಬೇಕಾದ ಮಾತು.

ಬೇತಾಳ ಮತ್ತು ಮರುಳು

ಮೊದಲು ಮನೆಯ ಹತ್ತಿರದಿಂದಲೇ ಆರಂಭಿಸೋಣ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ದೊಡ್ಡಗದ್ದವಳ್ಳಿ ಎಂಬ ಊರಿದೆ. ಅಲ್ಲಿಯ ಲಕ್ಷ್ಮೀದೇವಿ ದೇವಾಲಯ ಕ್ರಿ.ಶ. 1113–14ರ ಸುಮಾರಿನದು, ಹೊಯ್ಸಳ ದೇವಾಲಯಗಳಲ್ಲಿ ಬಹಳ ಹಳೆಯವುಗಳ ಪೈಕಿ ಒಂದು. ಅದರ ಕಾಳಿಯ ಗುಡಿಯ ಬಾಗಿಲಲ್ಲಿ ಆಳೆತ್ತರದ ಎರಡು ಬೇತಾಳಗಳು ನಿಂತಿವೆ. ಎಲುಬು ಎಣಿಸಬಹುದಾದ ಮೈ, ಒಳಸರಿದ ಹೊಟ್ಟೆ, ಬಾಯ್ತೆರೆದ ಮುಖ. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು ಕತ್ತಲಿಗೆ ಕಣ್ಣು ಹೊಂದಿಕೊಂಡ ಕೂಡಲೆ ಬೆಚ್ಚುತ್ತಾರೆ. ಎರಡು ನಿಮಿಷ ಕಳೆದರೆ ಅದೇ ಮಕ್ಕಳು ಬೇತಾಳದ ಭಂಗಿಯನ್ನು ಅಣಕಿಸಿ ನಗುತ್ತಾರೆ. ಹೊಯ್ಸಳ ಶಿಲ್ಪಿಗಳ ಭೈರವ ವಿಗ್ರಹಗಳನ್ನು ಗಮನಿಸಿ ನೋಡಿ. ಭೈರವನ ಕೈಯಲ್ಲಿ ತೂಗುವ ರುಂಡದಿಂದ ತೊಟ್ಟಿಕ್ಕುವ ರಕ್ತವನ್ನು ನೆಕ್ಕಲು ನಾಯಿಯೊಂದು ಮೂತಿ ಎತ್ತಿ ನಿಂತಿರುತ್ತದೆ. ದೇವರು ಭಯಂಕರ, ನಾಯಿ ಮಾತ್ರ ನಮ್ಮ ಬೀದಿಯ ನಾಯಿ. ಭೀಕರದ ಪಕ್ಕದಲ್ಲೇ ಮುಗುಳ್ನಗೆಗೆ ಅಷ್ಟು ಜಾಗ ಬಿಡುವುದನ್ನು ಆ ಶಿಲ್ಪಿ ಬಲ್ಲವನಾಗಿದ್ದ.

ಇನ್ನೊಂದು ಉದಾಹರಣೆ ಸಾಹಿತ್ಯದ್ದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಹೆಸರು ಕೊರೆದಿದೆ. ಅದು ಹತ್ತನೆಯ ಶತಮಾನದ ಕವಿ ರನ್ನನದೇ ಇರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ಆ ರನ್ನನ ‘ಗದಾಯುದ್ಧ’ದಲ್ಲಿ, ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ಹೆಣಗಳ ನಡುವೆ, ರಕ್ತದ ಕೆಸರಿನಲ್ಲಿ ಕಾಲಿಡುತ್ತಾ ಭೀಷ್ಮರನ್ನು ಕಾಣಲು ಹೋಗುವ ಸಂದರ್ಭ ಬರುತ್ತದೆ. ಕನ್ನಡ ಕಾವ್ಯದಲ್ಲಿ ಇದಕ್ಕಿಂತ ಭೀಕರವಾದ ರಣಭೂಮಿ ಸಿಕ್ಕುವುದು ಕಷ್ಟ. ಅಲ್ಲಿ ಹೆಣ ತಿನ್ನಲು ಬಂದ ಮರುಳುಗಳು ಚಕ್ರವರ್ತಿಯನ್ನು ಕಂಡು ಹಾಸ್ಯಮಾಡುತ್ತವೆ. ‘ಮರುಳು’ ಎಂದರೆ ಪಿಶಾಚಿ. ‘ಮರುಳು’ ಎಂದರೆ ಬುದ್ಧಿಗೇಡಿಯೂ ಹೌದು. ಪಾಂಡವರೊಡನೆ ಕೂಡಿ ಬಾಳಲು ಒಲ್ಲದೆ ಕುಲವನ್ನೇ ತಿಂದ ನೀನು ಮರುಳೋ, ಹಸಿದು ಹೆಣ ತಿನ್ನುವ ನಾವು ಮರುಳೋ ಎಂಬ ಧಾಟಿಯಲ್ಲಿ ಪಿಶಾಚಿ ರಾಜನನ್ನು ಚುಚ್ಚುತ್ತದೆ. ಓದುಗನಿಗೆ ಮೈ ಜುಮ್ಮೆನ್ನುತ್ತದೆ, ನಗುವೂ ಬರುತ್ತದೆ. ಆ ನಗೆ ಸತ್ತವರ ಕಡೆಗೆ ತಿರುಗಿಲ್ಲ. ಅವರನ್ನು ಸಾಯಿಸಿದ ರಾಜನ ಕಡೆಗೆ ತಿರುಗಿದೆ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಸಿನಿಮಾದ ಮಾತಿಗೆ ಬಂದಾಗ ಇದು ನಮಗೆ ಬೇಕಾಗುತ್ತದೆ.

ತೊಗಲು ಗೊಂಬೆಯಾಟದಲ್ಲೂ ಹೀಗೆಯೇ. ರಾಮ–ರಾವಣರ ಯುದ್ಧದ ನಡುವೆ ಕಿಳ್ಳೆಕ್ಯಾತ, ಬಂಗಾರಕ್ಕ ನುಗ್ಗಿ ಬಂದು ಜನರನ್ನು ನಗಿಸುತ್ತಾರೆ. ಆಮೇಲೆ ಮತ್ತೆ ರುಂಡಗಳು ಉರುಳುತ್ತವೆ. ಆಟ ಕೆಟ್ಟಿತು ಎಂದು ಯಾರೂ ಎದ್ದು ಹೋಗುವುದಿಲ್ಲ.

ರಸಗಳ ಜಗಳ

ಹಾಗಾದರೆ ವಿಮರ್ಶಕರಿಗೆ ಈ ಬೆರಕೆ ಏಕೆ ರುಚಿಸಲಿಲ್ಲ? ಅವರ ಆಕ್ಷೇಪಕ್ಕೂ ಹಳೆಯ ಬೇರುಗಳಿವೆ. ಭರತನ ನಾಟ್ಯಶಾಸ್ತ್ರ ಎಂಟು ರಸಗಳನ್ನು ಹೇಳುತ್ತದೆ. ಶೃಂಗಾರದಿಂದ ಹಾಸ್ಯ, ಬೀಭತ್ಸದಿಂದ ಭಯಾನಕ ಹುಟ್ಟುತ್ತವೆಂಬುದು ಅದರ ಲೆಕ್ಕ. ಆಮೇಲಿನ ಆಲಂಕಾರಿಕರು ಯಾವ ರಸಕ್ಕೆ ಯಾವುದು ಮಿತ್ರ, ಯಾವುದು ವಿರೋಧಿ ಎಂದು ಪಟ್ಟಿ ಮಾಡಿದರು. ವಿರೋಧಿ ರಸಗಳನ್ನು ಎಚ್ಚರವಿಲ್ಲದೆ ಬೆರೆಸಿದರೆ ರಸಭಂಗವಾಗುತ್ತದೆಂದು ತಿಳಿಸಿದರು. ಎಚ್ಚರವಿಲ್ಲದೆ ಎಂಬ ಮಾತು ಮುಖ್ಯ. ಬೆರೆಸಲೇಬಾರದೆಂದು ಅವರು ಹೇಳಿದ್ದರೆ ರನ್ನನ ಮರುಳಿಗೆ ಕಾವ್ಯದಲ್ಲಿ ಜಾಗವೇ ಇರುತ್ತಿರಲಿಲ್ಲ.

ವಿಜ್ಞಾನದ ದೃಷ್ಟಿಯಿಂದಲೂ ಭಯ ಮತ್ತು ನಗೆ ದೂರದ ನೆಂಟರಲ್ಲ. ಹೆದರಿಕೆಯಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಉಸಿರು ಬಿಗಿಯಾಗುತ್ತದೆ, ಸ್ನಾಯುಗಳು ಸೆಟೆಯುತ್ತವೆ. ಅಪಾಯವಿಲ್ಲವೆಂದು ಮೆದುಳಿಗೆ ಗೊತ್ತಾದ ಮೇಲೂ ಮೈಯಲ್ಲಿ ತುಂಬಿದ ಉದ್ವೇಗ ತಕ್ಷಣ ಇಳಿಯದು. ಅದು ಹೊರಗೆ ಹೋಗಲು ನಗೆ ಒಂದು ದಾರಿ. ನಿರ್ದೇಶಕನ ಕೆಲಸವೂ ಎರಡು ಕಡೆ ಒಂದೇ: ನಿರೀಕ್ಷೆಯನ್ನು ಕಟ್ಟಬೇಕು, ಒಂದು ಕ್ಷಣ ತಡೆದು ಹಿಡಿಯಬೇಕು, ಸರಿಯಾದ ಹೊತ್ತಿಗೆ ಬಿಡಬೇಕು. ಬಾಗಿಲು ಕಿರ್ರೆಂದ ಮೇಲೆ ಒಳಗಿನಿಂದ ಬರುವುದು ಪಿಶಾಚಿಯಾದರೆ ಕಿರುಚು, ಬೆಕ್ಕಾದರೆ ನಗೆ. ಸಂಕಲನದ ಮೇಜಿನ ಮುಂದೆ ಕುಳಿತವರಿಗೆ ಇದು ದಿನನಿತ್ಯದ ಅನುಭವ. ಹನ್ನೆರಡು ಫ್ರೇಮು ಹೆಚ್ಚಾದರೆ ಹೆದರಿಕೆ ಸತ್ತುಹೋಗುತ್ತದೆ.

ಇನ್ನೂ ಒಂದು ಅಂಶವಿದೆ. ನಗೆಯ ಬಗ್ಗೆ ಸಂಶೋಧನೆ ನಡೆಸಿದ ಅಮೆರಿಕದ ರಾಬರ್ಟ್ ಪ್ರೊವೈನ್, ಮನುಷ್ಯ ಒಂಟಿಯಾಗಿದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದು ಕಂಡುಕೊಂಡರು. ಭಯ–ಹಾಸ್ಯ ಚಿತ್ರ ತುಂಬಿದ ಚಿತ್ರಮಂದಿರಕ್ಕಾಗಿ ಮಾಡಿದ್ದು. ನಾಲ್ಕಾರು ಮಂದಿ ಟಿಪ್ಪಣಿ ಪುಸ್ತಕ ಹಿಡಿದು ಕುಳಿತ ಪೂರ್ವಪ್ರದರ್ಶನದಲ್ಲಿ ಅದೇ ಚಿತ್ರ ಅರ್ಧಕ್ಕೆ ಇಳಿದುಹೋಗುವುದು ಆಶ್ಚರ್ಯವಲ್ಲ. ವಿಮರ್ಶಕರು ಮತ್ತು ಪ್ರೇಕ್ಷಕರ ನಡುವಿನ ಅಂತರಕ್ಕೆ ಅಭಿರುಚಿಯಷ್ಟೇ ಕಾರಣವಲ್ಲ. ಕುಳಿತ ಜಾಗವೂ ಕಾರಣ.

ಹಾಲಿವುಡ್ಡಿನ ಪಾಠ

ತೀರ್ಪು ಬದಲಾದ ಬಗೆಯನ್ನು ತಿಳಿಯಲು ಸ್ವಲ್ಪ ಹೊರದೇಶಕ್ಕೆ ಹೋಗಿ ಬರೋಣ. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ‘ಸೈಕೋ’ ಚಿತ್ರ ಮಾಡಿದರು. ಸ್ನಾನಗೃಹದ ಕೊಲೆಯ ದೃಶ್ಯದಲ್ಲಿ ಹರಿದದ್ದು ರಕ್ತವಲ್ಲ, ಚಾಕೊಲೇಟ್ ಪಾಕ. ಕಪ್ಪು–ಬಿಳುಪು ಚಿತ್ರದಲ್ಲಿ ಅದು ಚೆನ್ನಾಗಿ ಒಪ್ಪುತ್ತಿತ್ತು. ಇಡೀ ಚಿತ್ರವನ್ನು ತಾನು ಒಂದು ತಮಾಷೆಯಾಗಿ ಕಂಡೆನೆಂದು ಹಿಚ್‌ಕಾಕ್ ಹೇಳುತ್ತಿದ್ದರು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಬಾಸ್ಲಿ ಕ್ರೌದರ್ ಮೊದಲು ಅದನ್ನು ಅಷ್ಟೇನೂ ಮೆಚ್ಚಲಿಲ್ಲ. ಆದರೆ ಅದೇ ವರ್ಷದ ಕೊನೆಗೆ ತಮ್ಮ ಹತ್ತು ಉತ್ತಮ ಚಿತ್ರಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದರು. ಕೆಲವೇ ತಿಂಗಳಲ್ಲಿ ಒಬ್ಬನೇ ವಿಮರ್ಶಕನ ತೂಕದ ಕಲ್ಲು ಬದಲಾಗಿತ್ತು.

1964ರಲ್ಲಿ ಸೂಸನ್ ಸಾಂಟ್ಯಾಗ್ ಎಂಬ ಅಮೆರಿಕದ ಲೇಖಕಿ ‘ಕ್ಯಾಂಪ್’ ಎಂಬ ಅಭಿರುಚಿಯ ಬಗ್ಗೆ ಒಂದು ಪ್ರಬಂಧ ಬರೆದರು. ನಮ್ಮ ನಾಟಕ ಕಂಪನಿಗಳು ಊರೂರಲ್ಲಿ ಹಾಕುವ ಕ್ಯಾಂಪೇ ಬೇರೆ, ಈ ಕ್ಯಾಂಪಿನ ಅರ್ಥವೇ ಬೇರೆ. ಅತಿಯಾದ ವೇಷ, ಅತಿಯಾದ ಅಭಿನಯ, ಅತಿಯಾದ ಅಲಂಕಾರ – ಇವನ್ನು ಅತಿಯೆಂದು ತಿಳಿದೇ ಸವಿಯುವ ಮನೋಧರ್ಮಕ್ಕೆ ಆ ಹೆಸರು. ಕಂಪನಿ ನಾಟಕದ ರಾಕ್ಷಸ ಅಟ್ಟ ನಡುಗುವಂತೆ ಅಬ್ಬರಿಸಿದಾಗ ನಮ್ಮ ಅಜ್ಜಂದಿರು ಶಿಳ್ಳೆ ಹಾಕಿ ‘ಒನ್ಸ್ ಮೋರ್’ ಕೂಗುತ್ತಿದ್ದರಲ್ಲ, ಅದರಲ್ಲಿ ಈ ಸವಿಯ ಪಾಲು ಇತ್ತು. ಹೀಗೆ ಒಂದು ಹೆಸರು ಸಿಕ್ಕಿದ ಮೇಲೆ, ‘ಕಳಪೆ’ ಎಂದು ತಳ್ಳಿಹಾಕುತ್ತಿದ್ದುದನ್ನು ‘ಬೇಕೆಂದೇ ಅತಿ ಮಾಡಿದ್ದು’ ಎಂದು ಬೇರೆಯಾಗಿ ನೋಡಲು ವಿಮರ್ಶಕರಿಗೆ ಸಾಧ್ಯವಾಯಿತು.

ಇದರ ನಿಜವಾದ ಪರೀಕ್ಷೆ ನಡೆದದ್ದು ಸ್ಯಾಮ್ ರೈಮಿ ಎಂಬ ಯುವಕನ ಚಿತ್ರಗಳಲ್ಲಿ. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಗೆಳೆಯರನ್ನು ಕಟ್ಟಿಕೊಂಡು, ಟೆನ್ನೆಸ್ಸಿಯ ಕಾಡಿನ ಒಂದು ಗುಡಿಸಲಿನಲ್ಲಿ ಅವರು ತೆಗೆದ ‘ದಿ ಈವಿಲ್ ಡೆಡ್’ 1981ರಲ್ಲಿ ಮೊದಲು ಪ್ರದರ್ಶನಗೊಂಡಿತು. ಭಯದ ಕಥೆಗಳಿಗೆ ಹೆಸರಾದ ಸ್ಟೀಫನ್ ಕಿಂಗ್ ಅದನ್ನು ಬಾಯ್ತುಂಬ ಹೊಗಳಿದರು. ಬ್ರಿಟನ್ನಿನಲ್ಲಿ ಮಾತ್ರ ಅದರ ವಿಡಿಯೊ ಕ್ಯಾಸೆಟ್ಟುಗಳನ್ನು ಪೊಲೀಸರು ಅಂಗಡಿಗಳಿಂದ ಎತ್ತಿಕೊಂಡು ಹೋದರು. ಮಕ್ಕಳು ಕೆಡುತ್ತಾರೆಂದು ಪತ್ರಿಕೆಗಳು ಬೊಬ್ಬೆ ಹಾಕಿದವು. 1984ರಲ್ಲಿ ವಿಡಿಯೊಗಳಿಗೂ ಪ್ರಮಾಣಪತ್ರ ಕಡ್ಡಾಯ ಮಾಡುವ ಕಾನೂನು ಬಂತು. ಆ ಚಿತ್ರಕ್ಕೆ ಅಲ್ಲಿ ಕತ್ತರಿಯಿಲ್ಲದೆ ಅನುಮತಿ ಸಿಕ್ಕಿದ್ದು 2001ರಲ್ಲಿ, ಇಪ್ಪತ್ತು ವರ್ಷಗಳ ಮೇಲೆ.

1987ರಲ್ಲಿ ರೈಮಿ ಅದರ ಎರಡನೆಯ ಭಾಗ ಮಾಡಿದರು. ಇಲ್ಲಿ ನಗೆ ಮುಚ್ಚುಮರೆಯಿಲ್ಲದೆ ಬಂದಿತು. ನಾಯಕನ ಬಲಗೈಗೆ ದೆವ್ವ ಹಿಡಿಯುತ್ತದೆ. ಅದು ಅವನ ತಲೆಗೇ ತಟ್ಟೆಗಳನ್ನು ಒಡೆಯುತ್ತದೆ. ಕೊನೆಗೆ ಅವನು ಆ ಕೈಯನ್ನು ಕತ್ತರಿಸಿ, ಬಕೆಟ್ಟಿನ ಕೆಳಗೆ ಮುಚ್ಚಿ, ಅಲುಗಾಡದಿರಲೆಂದು ಮೇಲೆ ಪುಸ್ತಕಗಳನ್ನು ಹೇರುತ್ತಾನೆ. ಮೇಲಿನ ಪುಸ್ತಕ ಹೆಮಿಂಗ್ವೆಯ ‘ಎ ಫೇರ್‌ವೆಲ್ ಟು ಆರ್ಮ್ಸ್’. ಇಂಗ್ಲಿಷಿನಲ್ಲಿ ‘ಆರ್ಮ್ಸ್’ ಎಂದರೆ ಶಸ್ತ್ರಗಳೂ ಹೌದು, ತೋಳುಗಳೂ ಹೌದು! ರನ್ನನ ‘ಮರುಳು’ ಶ್ಲೇಷೆ ನಿಮಗೆ ನೆನಪಾದರೆ ತಪ್ಪಿಲ್ಲ. ರಕ್ತ ಇಲ್ಲಿ ಒಮ್ಮೆ ಕೆಂಪು, ಒಮ್ಮೆ ಕಪ್ಪು, ಒಮ್ಮೆ ಹಸಿರು. ಕೊಳಾಯಿ ಒಡೆದಂತೆ ಸುರಿಯುತ್ತದೆ. ರೋಜರ್ ಎಬರ್ಟ್ ಎಂಬ ಪ್ರಸಿದ್ಧ ವಿಮರ್ಶಕರು ಇದು ರಕ್ತದ ವೇಷ ಹಾಕಿದ ಹಾಸ್ಯಚಿತ್ರವೆಂಬ ಅರ್ಥದಲ್ಲಿ ಬರೆದು, ನಾಲ್ಕರಲ್ಲಿ ಮೂರು ನಕ್ಷತ್ರ ಕೊಟ್ಟರು.

ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ 1992ರಲ್ಲಿ ‘ಬ್ರೇನ್‌ಡೆಡ್’ ಮಾಡಿದರು. ಅದರ ಕೊನೆಯ ದೃಶ್ಯದಲ್ಲಿ ನಾಯಕ ಹುಲ್ಲು ಕತ್ತರಿಸುವ ಯಂತ್ರ ಹಿಡಿದು ಎದ್ದು ಬಂದ ಹೆಣಗಳ ಮೇಲೆ ನುಗ್ಗುತ್ತಾನೆ. ಆ ದೃಶ್ಯಕ್ಕೆ 300 ಲೀಟರ್ ಕೃತಕ ರಕ್ತ ಬಳಸಿದರೆಂದು ಪ್ರಸಿದ್ಧಿ. ಸಭ್ಯರು ಮೂಗು ಮುಚ್ಚಿಕೊಂಡರು. ಆದರೆ ಮಧ್ಯಾಹ್ನದ ತಿಂಡಿಯ ದುಡ್ಡಿನಂಥ ಬಂಡವಾಳದಲ್ಲಿ ಗೊಂಬೆ, ಬಣ್ಣ, ರಬ್ಬರು, ಕ್ಯಾಮೆರಾ ಕೋನಗಳನ್ನು ಪಳಗಿಸಿಕೊಂಡ ಆ ಕೈಚಳಕವನ್ನು ಕೆಲವರು ಗುರುತಿಸಿದರು. ಅದೇ ಜಾಕ್ಸನ್ ನಿರ್ದೇಶಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರನೆಯ ಭಾಗ 2004ರಲ್ಲಿ 11 ಆಸ್ಕರ್ ಪ್ರಶಸ್ತಿ ಪಡೆಯಿತು. ರೈಮಿ 2002ರಲ್ಲಿ ‘ಸ್ಪೈಡರ್ ಮ್ಯಾನ್’ ನಿರ್ದೇಶಿಸಿದರು. ಮೊದಲ ತೀರ್ಪು ಕೃತಿಯ ಮರ್ಯಾದೆಯನ್ನು ಅಳೆದಿತ್ತು. ಕೆಲಸವನ್ನು ಅಳೆಯಲು ಇನ್ನಷ್ಟು ಕಾಲ ಬೇಕಾಯಿತು.

ಇಂಥ ತೀರ್ಪು ನಮ್ಮಲ್ಲಿ ಹೊಸದೇನೂ ಅಲ್ಲ. ಅರಕಲಗೂಡಿನ ಮೊದಲಕ್ಷರವನ್ನು ತಮ್ಮ ಹೆಸರಿನಲ್ಲಿ ಹೊತ್ತ ಅ.ನ. ಕೃಷ್ಣರಾಯರು ವೇಶ್ಯಾ ಸಮಸ್ಯೆಯ ಮೇಲೆ ‘ನಗ್ನ ಸತ್ಯ’, ‘ಶನಿ ಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳನ್ನು ಬರೆದಾಗ ಅಶ್ಲೀಲವೆಂಬ ಕೂಗೆದ್ದಿತು. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಕಾದಂಬರಿಗೂ ದೆವ್ವದ ಸಿನಿಮಾಕ್ಕೂ ಬಹಳ ದೂರ, ನಿಜ. ಆದರೆ ವಸ್ತುವಿನ ಕೊಳೆಯನ್ನು ಕಂಡು ಕೃತಿಯನ್ನೇ ದೂರ ಸರಿಸುವ ಅಭ್ಯಾಸ ಎರಡು ಕಡೆಯೂ ಒಂದೇ.

ನಮ್ಮ ದೇಶದ ದೆವ್ವಗಳು

ಭಾರತದಲ್ಲಿ ಈ ಬಗೆಯ ಚಿತ್ರಗಳಿಗೆ ಹೆಸರಾದವರು ರಾಮ್ಸೆ ಸಹೋದರರು. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ ಆರಂಭಿಸಿ, 1984ರ ‘ಪುರಾನಾ ಮಂದಿರ್’, 1988ರ ‘ವೀರಾನಾ’ದವರೆಗೆ ಅವರು ಕಡಿಮೆ ಬಂಡವಾಳದಲ್ಲಿ ಚಿತ್ರಗಳನ್ನು ಮಾಡಿದರು. ಮನೆಯವರೇ ನಿರ್ದೇಶಕರು, ಮನೆಯವರೇ ಛಾಯಾಗ್ರಾಹಕರು. ‘ಪುರಾನಾ ಮಂದಿರ್’ನಲ್ಲಿ ಒಂದು ಕಡೆ ರಕ್ತ ಕುಡಿಯುವ ರಾಕ್ಷಸನಿದ್ದರೆ, ಇನ್ನೊಂದು ಕಡೆ ‘ಶೋಲೆ’ಯ ಗಬ್ಬರ್ ಸಿಂಗನನ್ನು ಅಣಕಿಸುವ ಜಗದೀಪರ ಹಾಸ್ಯ. ದೊಡ್ಡ ನಗರಗಳ ಇಂಗ್ಲಿಷ್ ಪತ್ರಿಕೆಗಳು ಈ ಚಿತ್ರಗಳನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಸಣ್ಣ ಊರುಗಳ ಪ್ರೇಕ್ಷಕರು ಕೈಬಿಡಲಿಲ್ಲ. 1993ರಲ್ಲಿ ‘ಝೀ ಹಾರರ್ ಶೋ’ ಮೂಲಕ ರಾಮ್ಸೆಗಳ ದೆವ್ವ ಕಿರುತೆರೆಗೂ ಬಂತು. ಇಂದು ಸಿನಿಮಾ ಇತಿಹಾಸಕಾರರು ಇದೇ ಚಿತ್ರಗಳ ಮೇಲೆ ಪುಸ್ತಕಗಳನ್ನು ಬರೆಯುತ್ತಿದ್ದಾರೆ.

ಸೆನ್ಸಾರಿನ ಪಾತ್ರವನ್ನೂ ಇಲ್ಲಿ ಹೇಳಬೇಕು. 1952ರ ಸಿನಿಮಾಟೊಗ್ರಾಫ್ ಕಾಯಿದೆಯ ಪ್ರಕಾರ ಚಿತ್ರಗಳಿಗೆ ‘ಯು’ ಅಥವಾ ‘ಎ’ ಪ್ರಮಾಣಪತ್ರ ಸಿಗುತ್ತಿತ್ತು. 1983ರಲ್ಲಿ ‘ಯುಎ’ ಸೇರಿತು. 2023ರ ತಿದ್ದುಪಡಿಯ ಮೇಲೆ ಅದನ್ನು 7, 13, 16 ವಯಸ್ಸುಗಳಿಗೆ ಅನುಗುಣವಾಗಿ ಮೂರು ಮಾಡಲಾಯಿತು. ‘ಎ’ ಸಿಕ್ಕಿದರೆ ಮನೆಮಂದಿಯೆಲ್ಲ ಬರುವಂತಿಲ್ಲ. ನಮ್ಮ ನಿರ್ಮಾಪಕರು ರಕ್ತ ಕಡಿಮೆ ಮಾಡಿ ನಗೆ ಹೆಚ್ಚಿಸಲು ಇದೂ ಒಂದು ಕಾರಣ.

ಕನ್ನಡದಲ್ಲಿ 1979ರ ‘ನಾ ನಿನ್ನ ಬಿಡಲಾರೆ’ ಅನಂತನಾಗ್ ಮತ್ತು ಲಕ್ಷ್ಮಿಯವರ ಅಭಿನಯದಿಂದ ದೆವ್ವದ ಕಥೆಗೆ ಸಂಸಾರಸ್ಥರ ಪ್ರೇಕ್ಷಕವರ್ಗವನ್ನು ದೊರಕಿಸಿತು. 1993ರಲ್ಲಿ ಉಪೇಂದ್ರರ ‘ಶ್!’ ಬಂತು; ಚಿತ್ರೀಕರಣದ ತಂಡವೊಂದನ್ನು ಭಯ ಸುತ್ತಿಕೊಳ್ಳುವ ಕಥೆ. ಸಿನಿಮಾದವರನ್ನೇ ಗೇಲಿಮಾಡುತ್ತಾ ಹೆದರಿಸುವ ಈ ಧಾಟಿ ಕನ್ನಡಕ್ಕೆ ಹೊಸತು. ಮುಂದೆ ‘ಓಂ’, ‘ಎ’ ಚಿತ್ರಗಳು ಬಂದ ಮೇಲೆ ಅನೇಕರು ‘ಶ್!’ ಕಡೆಗೆ ಮತ್ತೆ ತಿರುಗಿ, ಆ ನಿರ್ದೇಶಕನ ಬುದ್ಧಿ ಅಲ್ಲೇ ಮೊಳಕೆಯೊಡೆದಿತ್ತೆಂದು ಗುರುತಿಸಿದರು.

2004ರ ‘ಆಪ್ತಮಿತ್ರ’ದ ಕಥೆ ನಿಮಗೆಲ್ಲ ಗೊತ್ತು. 1993ರ ಮಲಯಾಳಂ ಚಿತ್ರವನ್ನು ಆಧರಿಸಿ ಪಿ. ವಾಸು ನಿರ್ದೇಶಿಸಿದ, ದ್ವಾರಕೀಶ್ ನಿರ್ಮಿಸಿದ ಚಿತ್ರ ಅದು. ವಿಷ್ಣುವರ್ಧನ್ ಮನೋವೈದ್ಯ, ‘ನಾಗವಲ್ಲಿ’ಯಾಗುವ ಗಂಗಾ ಪಾತ್ರದಲ್ಲಿ ಸೌಂದರ್ಯ. ಚಿತ್ರ ತೆರೆಕಂಡದ್ದು ಆಗಸ್ಟಿನಲ್ಲಿ. ಸೌಂದರ್ಯ ಅದೇ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಮೊದಲರ್ಧದಲ್ಲಿ ಬಾಗಿಲು ಕಿರ್ರೆಂದಾಗ ಹೆದರಿ ಓಡುವವರನ್ನು ನೋಡಿ ನಾವು ನಗುತ್ತೇವೆ. ಕೊನೆಗೆ ದೆವ್ವವಿಲ್ಲ, ನರಳುತ್ತಿರುವ ಒಂದು ಮನಸ್ಸಿದೆ ಎಂದು ತಿಳಿಯುತ್ತದೆ. ಆಗ ನಗೆ ತಾನಾಗಿ ನಿಲ್ಲುತ್ತದೆ. ಚಿತ್ರದ ಮನೋವಿಜ್ಞಾನ ಪಠ್ಯಪುಸ್ತಕದಂತಿಲ್ಲ ಎಂದು ಹೇಳುವುದು ನ್ಯಾಯವೇ. ಆದರೂ ಮಂತ್ರವಾದಿಯ ಪಕ್ಕದಲ್ಲಿ ಒಬ್ಬ ವೈದ್ಯನನ್ನು ನಿಲ್ಲಿಸಿ, ಅವನ ಮಾತಿಗೆ ಜನ ಚಪ್ಪಾಳೆ ತಟ್ಟುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ.

2012ರ ‘ಕಲ್ಪನಾ’ ತಮಿಳಿನ ‘ಕಾಂಚನಾ’ದ ಕನ್ನಡ ರೂಪ. ಇಲ್ಲಿ ಅಬ್ಬರ, ಬಣ್ಣ, ರಕ್ತ ಎಲ್ಲವೂ ಧಾರಾಳ. ದೆವ್ವವಾಗಿ ಬರುವುದು ಅನ್ಯಾಯಕ್ಕೆ ಬಲಿಯಾದ ಒಬ್ಬ ಲಿಂಗತ್ವ ಅಲ್ಪಸಂಖ್ಯಾತೆ. ಆ ಪಾತ್ರವನ್ನು ಸಾಯಿಕುಮಾರ್ ಮಾಡಿದರು. ಚಿತ್ರದ ಅರ್ಧ ಭಾಗ ಗಂಡಸು ಹೆಂಗಸಿನಂತೆ ಆಡುವುದನ್ನು ತೋರಿಸಿ ನಗಿಸುತ್ತದೆ. ಇನ್ನರ್ಧ ಅಂಥವರಿಗೆ ನ್ಯಾಯ ಕೇಳುತ್ತದೆ. ಈ ಎರಡರ ನಡುವಿನ ಎಳೆದಾಟವನ್ನು ಬಿಡಿಸಿ ಹೇಳುವುದು ವಿಮರ್ಶಕನ ಕೆಲಸ. ‘ಲೌಡ್ ಆಯಿತು’ ಎಂದು ಬರೆದು ಕೈತೊಳೆದುಕೊಂಡರೆ ಆ ಕೆಲಸ ಮುಗಿಯುವುದಿಲ್ಲ.

‘ನಾಳೆ ಬಾ’

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಕರ್ನಾಟಕದ ಅನೇಕ ಊರುಗಳಲ್ಲೂ ಮನೆಯ ಬಾಗಿಲು, ಗೋಡೆಗಳ ಮೇಲೆ ಎರಡೇ ಪದ ಬರೆದಿರುತ್ತಿದ್ದವು: ನಾಳೆ ಬಾ. ರಾತ್ರಿ ಹೆಣ್ಣು ದೆವ್ವವೊಂದು ಮನೆಯವರ ದನಿಯಲ್ಲೇ ಕರೆದು ಬಾಗಿಲು ಬಡಿಯುತ್ತದೆ, ತೆಗೆದವನು ಉಳಿಯುವುದಿಲ್ಲ ಎಂಬ ಗಾಳಿಸುದ್ದಿ. ಬರಹವನ್ನು ಓದಿ ದೆವ್ವ ಹಿಂದಿರುಗುತ್ತದೆ. ಮರುದಿನ ಬಂದರೂ ಅದೇ ಬರಹ! ಭಯದ ನಡುವೆಯೇ ಜನ ತಮಾಷೆಯನ್ನು ಕಂಡುಕೊಂಡರು. ಸರ್ಕಾರಿ ಕಚೇರಿಗೆ ಅಲೆದವರಿಗೆ ಆ ಎರಡು ಪದಗಳ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಕನ್ನಡ ಬಾಗಿಲಿನ ಬರಹವೇ ಹಿಂದಿಯ ‘ಸ್ತ್ರೀ’ ಚಿತ್ರಕ್ಕೆ ಪ್ರೇರಣೆ. ರಾಜ್ ನಿಡಿಮೋರು ಮತ್ತು ಕೃಷ್ಣ ಡಿ.ಕೆ. ಬರೆದು, ಅಮರ್ ಕೌಶಿಕ್ ನಿರ್ದೇಶಿಸಿದ ಚಿತ್ರ 2018ರ ಆಗಸ್ಟ್ 31ರಂದು ತೆರೆಕಂಡಿತು. ಕಥೆ ನಡೆಯುವುದು ಮಧ್ಯಪ್ರದೇಶದ ಚಂದೇರಿಯಲ್ಲಿ. ಅಲ್ಲಿಯ ದೆವ್ವ ಎತ್ತಿಕೊಂಡು ಹೋಗುವುದು ಗಂಡಸರನ್ನು. ಹಾಗಾಗಿ ಕತ್ತಲಾದ ಮೇಲೆ ಹೊರಗೆ ಹೋಗಬೇಡ, ಒಬ್ಬನೇ ತಿರುಗಬೇಡ ಎಂಬ ಉಪದೇಶ ಈಗ ಗಂಡಸರಿಗೆ! ಹೆಣ್ಣುಮಕ್ಕಳು ದಿನವೂ ಕೇಳುವ ಮಾತನ್ನು ಗಂಡಸರ ಕಿವಿಗೆ ಹಾಕಿದ ಈ ತಿರುವನ್ನೇ ವಿಮರ್ಶಕರು ವಿಶೇಷವಾಗಿ ಮೆಚ್ಚಿದರು. ಕೊನೆಗೆ ಊರವರು ‘ನಾಳೆ ಬಾ’ ಎಂಬುದನ್ನು ಬಿಟ್ಟು ‘ನಮ್ಮನ್ನು ಕಾಪಾಡು’ ಎಂದು ಬರೆದುಕೊಳ್ಳುತ್ತಾರೆ. 2024ರ ಎರಡನೆಯ ಭಾಗ ಹಿಂದಿ ಚಿತ್ರರಂಗದ ಅತಿ ದೊಡ್ಡ ಗಳಿಕೆಗಳ ಸಾಲಿಗೆ ಸೇರಿತು. ಭಯ–ಹಾಸ್ಯ ಈಗ ಹಿಂಬಾಗಿಲಿನ ಸರಕಾಗಿ ಉಳಿದಿಲ್ಲ.

2025ರ ಜುಲೈ 25ರಂದು ತೆರೆಕಂಡ ಕನ್ನಡದ ‘ಸು ಫ್ರಮ್ ಸೋ’ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ನಿರ್ದೇಶಕ ಜೆ.ಪಿ. ತುಮಿನಾಡು, ಅವರ ಹೆಸರಿನಲ್ಲಿರುವ ತುಮಿನಾಡು ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯ ಊರು. ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಒಬ್ಬರು. ಕರಾವಳಿಯ ಹಳ್ಳಿಯೊಂದರ ಹುಡುಗನಿಗೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ದೆವ್ವ ಹಿಡಿದಿದೆಯೆಂದು ಊರೇ ನಂಬಿಬಿಡುತ್ತದೆ. ಮೊದಲು ಕೆಲವೇ ಪ್ರದರ್ಶನಗಳಿದ್ದ ಚಿತ್ರ ಬಾಯಿಂದ ಬಾಯಿಗೆ ಹರಡಿದ ಮಾತಿನಿಂದಲೇ ರಾಜ್ಯದ ತುಂಬ ಓಡಿತು; ವಿಮರ್ಶಕರೂ ಪ್ರೇಕ್ಷಕರೂ ಬಹುಮಟ್ಟಿಗೆ ಒಂದೇ ಮಾತಾಡಿದ ಅಪರೂಪದ ಪ್ರಸಂಗ. ಇದರಲ್ಲಿ ರಕ್ತವಿಲ್ಲ. ನಗೆ ತಾಗುವುದು ಊರಿನ ಸುಳ್ಳು ಧೈರ್ಯಕ್ಕೆ, ಗುಲ್ಲಿಗೆ, ಕಪಟ ಗುರೂಜಿಗೆ. ಸುಲೋಚನಾಳ ಮಗಳು ಕಥೆಯೊಳಗೆ ಬಂದಾಗ, ದೆವ್ವವೆಂದು ತಮಾಷೆ ಮಾಡುತ್ತಿದ್ದುದು ಒಬ್ಬ ಹೆಂಗಸಿನ ಬದುಕನ್ನು ಎಂಬುದು ಊರಿಗೂ ನಮಗೂ ತಿಳಿಯುತ್ತದೆ.

ಯಾರನ್ನು ನೋಡಿ ನಗೆ?

ಈಗ ರನ್ನನ ಮರುಳಿಗೆ ಹಿಂದಿರುಗಬಹುದು. ಆ ಪಿಶಾಚಿ ನಕ್ಕದ್ದು ರಣದಲ್ಲಿ ಬಿದ್ದವರನ್ನು ನೋಡಿ ಅಲ್ಲ, ಬೀಳಿಸಿದವನನ್ನು ನೋಡಿ. ಭಯ–ಹಾಸ್ಯ ಚಿತ್ರವನ್ನು ತೂಗಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ಬೇಕಿಲ್ಲ. ರಕ್ತ ಎಷ್ಟು ಸುರಿಯಿತು, ಅಭಿನಯ ಎಷ್ಟು ಅತಿಯಾಯಿತು ಎಂಬುದು ಎರಡನೆಯ ಪ್ರಶ್ನೆ. ದೆವ್ವ ಹಿಡಿಯಿತೆನ್ನಲಾದ ಬಡವಳನ್ನು, ಮೈನೆರೆದ ಹುಡುಗಿಯನ್ನು, ಮನಸ್ಸು ಕೆಟ್ಟವರನ್ನು ಚಿತ್ರ ನಗೆಗೆ ಈಡುಮಾಡುತ್ತದೆಯೋ, ಅವರನ್ನು ಹಿಂಸಿಸುವವರನ್ನು ಈಡುಮಾಡುತ್ತದೆಯೋ ಎಂಬುದು ಮೊದಲ ಪ್ರಶ್ನೆ.

ಈ ಪ್ರಶ್ನೆ ಚಿತ್ರಮಂದಿರದ ಹೊರಗೂ ಉಳಿಯುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬುದು ಅವರ ಜೀವನದ ಪಾಠವಾಗಿತ್ತು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ ಕಾನೂನು 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಕಟ್ಟಿಹಾಕುವುದು, ಹೊಡೆಯುವುದು ಇಂದು ಶಿಕ್ಷಾರ್ಹ ಅಪರಾಧ. ಹೀಗೊಂದು ಕಾನೂನು ಬೇಕಾಯಿತು ಎಂಬುದೇ ಆ ಹಿಂಸೆ ಕಥೆಯಲ್ಲ, ನಿಜ ಎಂಬುದಕ್ಕೆ ಸಾಕ್ಷಿ. ಬೇವಿನ ಕಡ್ಡಿಯ ಏಟು ತಿನ್ನುತ್ತಿರುವ ಹೆಂಗಸನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವ ಚಿತ್ರ ಎಷ್ಟೇ ನಗಿಸಲಿ, ಆ ಏಟಿನಲ್ಲಿ ಅದಕ್ಕೂ ಪಾಲಿದೆ. ಏಟು ಹಾಕುವ ಮಂತ್ರವಾದಿಯನ್ನು ನಗೆಪಾಟಲು ಮಾಡುವ ಚಿತ್ರ, ಎಷ್ಟೇ ಅಗ್ಗದ್ದಾಗಿ ಕಂಡರೂ, ಒಂದು ಉಪನ್ಯಾಸ ಮಾಡಲಾಗದ ಕೆಲಸವನ್ನು ಮಾಡಬಹುದು. ಒಮ್ಮೆ ಜೋರಾಗಿ ನಕ್ಕವರಿಗೆ ಮರುದಿನ ಅದೇ ಮಂತ್ರವಾದಿಯ ಮುಂದೆ ಕೈಕಟ್ಟಿ ಕುಳಿತುಕೊಳ್ಳುವುದು ಅಷ್ಟು ಸುಲಭವಲ್ಲ.

ನೀವು ಮುಂದಿನ ಸಲ ಇಂಥ ಚಿತ್ರ ನೋಡಿದಾಗ ಒಂದು ಪುಟದ ವಿಮರ್ಶೆ ಬರೆದು ನೋಡಿ. ತುಂಬಿದ ಚಿತ್ರಮಂದಿರದಲ್ಲಿ ಜನ ಎಲ್ಲಿ ಕಿರುಚಿದರು, ಎಲ್ಲಿ ನಕ್ಕರು ಎಂಬುದನ್ನು ಗುರುತು ಮಾಡಿಕೊಳ್ಳಿ. ನಕ್ಕ ಪ್ರತಿಯೊಂದು ಕಡೆಯೂ ಆ ನಗೆ ಯಾರ ಮೇಲೆ ಬಿತ್ತೆಂದು ಪಕ್ಕದಲ್ಲಿ ಬರೆಯಿರಿ. ಬರೆದದ್ದನ್ನು ತರಗತಿಯಲ್ಲಿ ಓದಿ, ಒಪ್ಪದ ಗೆಳೆಯರೊಡನೆ ವಾದಿಸಿ. ಹಾಸನದ ಕಡೆಗೆ ಹೋದಾಗ ದೊಡ್ಡಗದ್ದವಳ್ಳಿಯ ಬೇತಾಳಗಳನ್ನೂ ಒಮ್ಮೆ ನೋಡಿಕೊಂಡು ಬನ್ನಿ. ಒಂಬೈನೂರು ವರ್ಷಗಳಿಂದ ಅವು ಪ್ರೇಕ್ಷಕರನ್ನು ಬೆಚ್ಚಿಸುತ್ತಲೂ ನಗಿಸುತ್ತಲೂ ನಿಂತಿವೆ.